ಹಳೆಯ ಬುಲೆಟ್ಟಿನ ಎಣ್ಣೆ ನೋಡುವ ಕ್ರಮ



ನಾನು ವಡ್ಡೆಪಲ್ಲಿಯವನು. ಓದಿದ್ದು ಮೆಟ್ರಿಕ್‌ವರೆಗೆ. ನಲವತ್ತು ವರ್ಷದ ಹತ್ತಿರ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ಈಗ ನಿವೃತ್ತನಾಗಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಒಂದೇ ಮೋಟಾರ್ ಸೈಕಲನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡವನು, ಅಷ್ಟೆ. ಅದರ ಎಣ್ಣೆಯನ್ನು ನೋಡುವುದರಲ್ಲಿ ನಾನು ಮಾಡಿದ ಒಂದು ತಪ್ಪು, ನನ್ನ ಅರ್ಧ ಮಾತು ಕೇಳಿ ನಮ್ಮ ನೆಂಟರೊಬ್ಬರು ಮಾಡಿದ ಇನ್ನೊಂದು ತಪ್ಪು, ಈ ಎರಡನ್ನೂ ನಿಮ್ಮ ಮುಂದೆ ಇಟ್ಟು ಸರಿಯಾದ ಕ್ರಮ ಯಾವುದೆಂದು ಹೇಳುವುದು ಇವತ್ತಿನ ಮಾತಿನ ಉದ್ದೇಶ.

ಇದೇನು ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ಆದರೆ ಗದ್ವಾಲ, ಐಜ, ಮಕ್ತಲ, ನಾರಾಯಣಪೇಟೆಯ ಕಡೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇಲ್ಲವೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಟ್ಟು ಹೊದ್ದುಕೊಂಡು ಒಂದು ಹಳೆಯ ಬುಲೆಟ್ ನಿಂತಿರುತ್ತದೆ. ಅಪ್ಪನದೋ ಅಜ್ಜನದೋ ಆಗಿರುತ್ತದೆ. ಹಬ್ಬಕ್ಕೆಂದು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಊರಿಗೆ ಬಂದ ಹುಡುಗರಿಗೆ ಅದನ್ನು ಚಾಲೂ ಮಾಡುವ ಆಸೆ. ಗೇಜ್ ಕಡ್ಡಿ ತೆಗೆದು ನೋಡುತ್ತಾರೆ. ಕಡ್ಡಿ ಒಣಗಿದೆ. ಕೂಡಲೇ ಅಂಗಡಿಗೆ ಓಡಿ ಎಣ್ಣೆಯ ಡಬ್ಬಿ ತಂದು ಸುರಿಯುತ್ತಾರೆ. ತಪ್ಪು ಆಗುವುದು ಅಲ್ಲಿಯೇ.

ಎಣ್ಣೆಯ ವಿಷಯ ನಮ್ಮ ಸೀಮೆಯವರಿಗೆ ಹೊಸದಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಎತ್ತು ಹೂಡುತ್ತಿರಲಿಲ್ಲ. ನಮ್ಮ ಹೊಲಗಳಲ್ಲಿ ಬೆಳೆಯುವ ಔಡಲ, ತೆಲುಗಿನಲ್ಲಿ ಆಮುದಂ ಎನ್ನುತ್ತೇವಲ್ಲ, ಅದರ ಎಣ್ಣೆಯೇ ಕೀಲಿಗೆ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ 1909ರಲ್ಲಿ ಒಂದು ಕಂಪನಿ ಎಂಜಿನ್ನಿಗಾಗಿ ಮಾಡಿದ ಎಣ್ಣೆಯಲ್ಲಿಯೂ ಇದೇ ಔಡಲೆಣ್ಣೆಯನ್ನು ಬೆರೆಸಿತು. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎಂದು ಹೆಸರು. ಆ ಹೆಸರಿನಿಂದಲೇ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿತು. ಹಾಗೆಂದು ಮನೆಯ ಔಡಲೆಣ್ಣೆಯನ್ನು ಇವತ್ತಿನ ಎಂಜಿನ್ನಿಗೆ ಹಾಕಬೇಡಿರಿ. ಅದು ಈಗಿನ ಖನಿಜ ಎಣ್ಣೆಯೊಡನೆ ಸರಿಯಾಗಿ ಬೆರೆಯುವುದಿಲ್ಲ.

ಬಂಡಿಯ ಅಚ್ಚಿನಲ್ಲಿ ಎಣ್ಣೆ ಇದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಎಂಜಿನ್ನಿನದು ಹಾಗಲ್ಲ. ಅದು ಮುಚ್ಚಿದ ಪೆಟ್ಟಿಗೆ. ಒಳಗಿನ ಲೆಕ್ಕ ತಿಳಿಯಲು ನಮಗಿರುವುದು ಒಂದು ಕಡ್ಡಿ ಮಾತ್ರ. ಆ ಕಡ್ಡಿಯನ್ನು ಯಾವಾಗ ನೋಡಬೇಕು ಎಂಬುದು ಗಾಡಿಯಿಂದ ಗಾಡಿಗೆ ಬೇರೆಯಾಗುತ್ತದೆ.

ನಮ್ಮ ಭಾಗದಲ್ಲಿ ಓಡಿದ ಹಳೆಯ ಗಾಡಿಗಳಲ್ಲಿ ಮೂರು ಬಗೆಯವು ಇದ್ದವು. ಒಂದು, ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ. ರಾಜದೂತ್ ಕೂಡ ಇದೇ ಜಾತಿಯದು. ಇವು ಟೂ ಸ್ಟ್ರೋಕ್. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಅಳತೆ ಮಾಡಿ ಬೆರೆಸುತ್ತಿದ್ದೆವು. ಅದು ಪೆಟ್ರೋಲಿನೊಡನೆ ಉರಿದುಹೋಗುತ್ತಿತ್ತು. ಗೇರಿನ ಎಣ್ಣೆ ಬೇರೆ ಇರುತ್ತಿತ್ತೇ ಹೊರತು ಎಂಜಿನ್ನಿಗೆ ಕಡ್ಡಿ ಹಾಕಿ ನೋಡುವ ಪ್ರಶ್ನೆಯೇ ಇರಲಿಲ್ಲ. ಎರಡು, ಆಮೇಲೆ ಮನೆಮನೆಗೂ ಬಂದ ಸ್ಪ್ಲೆಂಡರಿನಂಥ ಗಾಡಿಗಳು. ಇವುಗಳಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿಯೇ ನಿಂತಿರುತ್ತದೆ. ಇದಕ್ಕೆ ವೆಟ್ ಸಂಪ್ ಎಂದು ಹೆಸರು. ಮೂರನೆಯದೇ ಹಳೆಯ ಬುಲೆಟ್. ಇದು ಡ್ರೈ ಸಂಪ್.

ಈ ಸಂಪ್ ಎಂಬ ಶಬ್ದ ನಿಮಗೆಲ್ಲ ಗೊತ್ತಿದೆ. ಹೊಸ ಮನೆ ಕಟ್ಟುವವರು ನೆಲದಡಿ ನೀರಿಗೆ ಸಂಪು ಕಟ್ಟಿಸುತ್ತಾರೆ, ಮಾಳಿಗೆಯ ಮೇಲೆ ಟ್ಯಾಂಕು ಇಡುತ್ತಾರೆ. ಟ್ಯಾಂಕಿನ ನೀರು ನಲ್ಲಿಗೆ ಇಳಿಯುತ್ತದೆ. ಸಂಪಿನ ನೀರನ್ನು ಮೋಟಾರು ಮೇಲಕ್ಕೆ ಎತ್ತುತ್ತದೆ. ಈಗ ನಲ್ಲಿಯಿಂದ ಬಿದ್ದ ನೀರೆಲ್ಲ ಹೊರಗೆ ಹೋಗದೆ ಮತ್ತೆ ಸಂಪಿಗೇ ಬಂದು ಬೀಳುವಂಥ ಒಂದು ಮನೆಯನ್ನು ಊಹಿಸಿರಿ. ಹಳೆಯ ಬುಲೆಟ್ಟಿನ ಎಂಜಿನ್ ಅಂಥ ಮನೆ.

ಆ ಎಂಜಿನ್ನಿನಲ್ಲಿ ಎಣ್ಣೆಗೆ ಎರಡು ಕೋಣೆಗಳಿವೆ. ಮುಂದಿನ ಕೋಣೆಯಲ್ಲಿ ಭಾರವಾದ ಫ್ಲೈವೀಲು ತಿರುಗುತ್ತದೆ. ಅದರ ತಳವೇ ಸಂಪು. ಹಿಂದಿನ ಕೋಣೆ ಎಣ್ಣೆಯ ಟ್ಯಾಂಕು. ಬೇರೆ ಹಳೆಯ ವಿಲಾಯತಿ ಗಾಡಿಗಳಲ್ಲಿ ಈ ಟ್ಯಾಂಕು ಸೀಟಿನ ಕೆಳಗೆ ಬೇರೆಯಾಗಿ ಇರುತ್ತದೆ. ಬುಲೆಟ್ಟಿನಲ್ಲಿ ಮಾತ್ರ ಅದು ಎಂಜಿನ್ನಿನ ಎರಕದ ಒಳಗೇ ಸೇರಿಕೊಂಡಿದೆ. ಹೊರಗಿನಿಂದ ನೋಡಿದವರಿಗೆ ಟ್ಯಾಂಕು ಇರುವುದೇ ಗೊತ್ತಾಗುವುದಿಲ್ಲ. ನಮ್ಮ ತಪ್ಪಿಗೆ ಅರ್ಧ ಕಾರಣ ಇದೇ.

ಬಲಗಡೆಯ ಮುಚ್ಚಳದೊಳಗೆ ಎರಡು ಪಂಪುಗಳಿವೆ. ಒಂದು ಪಂಪು ಟ್ಯಾಂಕಿನಿಂದ ಎಣ್ಣೆಯನ್ನು ತೆಗೆದು ಕ್ರ್ಯಾಂಕಿನ ಬಿಗ್ ಎಂಡಿಗೆ ಕಳಿಸುತ್ತದೆ. ಅಲ್ಲಿ ಕೆಲಸ ಮುಗಿಸಿದ ಎಣ್ಣೆ ಕೆಳಗಿನ ಸಂಪಿಗೆ ಬೀಳುತ್ತದೆ. ಇನ್ನೊಂದು ಪಂಪು ಅದನ್ನು ಅಲ್ಲಿಂದ ಎತ್ತಿ ಮೇಲಿನ ರಾಕರುಗಳಿಗೆ ಕೊಟ್ಟು ಮತ್ತೆ ಟ್ಯಾಂಕಿಗೆ ಸೇರುವಂತೆ ಮಾಡುತ್ತದೆ. ಎತ್ತುವ ಪಂಪಿಗೆ ಕಳಿಸುವ ಪಂಪಿಗಿಂತ ಶಕ್ತಿ ಹೆಚ್ಚು. ಆದ್ದರಿಂದ ಗಾಡಿ ಓಡುತ್ತಿರುವಾಗ ಸಂಪಿನಲ್ಲಿ ಎಣ್ಣೆ ನಿಲ್ಲುವುದಿಲ್ಲ. ಸಂಪು ಯಾವಾಗಲೂ ಒಣಗಿದಂತೆಯೇ ಇರುತ್ತದೆ. ಡ್ರೈ ಸಂಪ್ ಎಂಬ ಹೆಸರು ಬಂದದ್ದು ಹೀಗೆ. ಹೀಗೇಕೆ ಮಾಡಿದರು ಎಂದರೆ, ಅಷ್ಟು ದೊಡ್ಡ ಫ್ಲೈವೀಲು ಎಣ್ಣೆಯಲ್ಲಿ ಮುಳುಗಿ ತಿರುಗಿದರೆ ಕೆಸರಿನಲ್ಲಿ ಬಂಡಿ ಎಳೆದಂತೆ ಆಗುತ್ತದೆ. ಶಕ್ತಿ ಹಾಳು, ಎಣ್ಣೆಯೂ ಬಿಸಿಯಾಗಿ ನೊರೆಯಾಗುತ್ತದೆ.

ಈಗ ಗಾಡಿ ನಿಂತಾಗ ಏನಾಗುತ್ತದೆ ನೋಡಿರಿ. ಪಂಪಿನ ಒಳಗೆ ನುಣುಪಾದ ಬಿಲ್ಲೆಗಳು ಸ್ಪ್ರಿಂಗಿನ ಒತ್ತಡದಲ್ಲಿ ಕುಳಿತಿರುತ್ತವೆ. ಅವು ಸವೆದಿದ್ದರೆ, ಇಲ್ಲವೆ ಒಂದು ಚೂರು ಕಸ ಸಿಕ್ಕಿದ್ದರೆ, ಟ್ಯಾಂಕಿನ ಎಣ್ಣೆ ಹನಿಹನಿಯಾಗಿ ಸಂಪಿಗೆ ಇಳಿಯತೊಡಗುತ್ತದೆ. ನಲ್ಲಿಯ ವಾಷರು ಹೋದ ಮನೆಯಲ್ಲಿ ರಾತ್ರಿಯೆಲ್ಲ ನೀರು ಇಳಿದು ಬೆಳಗಾಗುವ ಹೊತ್ತಿಗೆ ಮೇಲಿನ ಟ್ಯಾಂಕು ಖಾಲಿಯಾಗುವುದಿಲ್ಲವೆ, ಹಾಗೆ. ಬುಲೆಟ್ ಕೆಲವು ವಾರ ನಿಂತರೆ ಟ್ಯಾಂಕಿನ ಬಹುಪಾಲು ಎಣ್ಣೆ ಸಂಪಿಗೆ ಸೇರಿರಬಹುದು. ನಮ್ಮ ಗೇಜ್ ಕಡ್ಡಿ ಮುಳುಗುವುದು ಟ್ಯಾಂಕಿನಲ್ಲಿ. ಅದು ಟ್ಯಾಂಕಿನ ಲೆಕ್ಕವನ್ನು ಮಾತ್ರ ಹೇಳುತ್ತದೆ. ಸಂಪಿನ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಇನ್ನು ನನ್ನ ತಪ್ಪಿನ ಕತೆ. 1990ರಲ್ಲಿ ನಾನು ಒಂದು ಬುಲೆಟ್ಟನ್ನು ಎರಡನೆಯ ಕೈಯಿಂದ ಕೊಂಡೆ. 350 ಎಂದು ಕರೆಯುವ, ನಿಜವಾಗಿ 346 ಸಿಸಿಯ ಬೀಡಿನ ಎಂಜಿನ್ ಅದು. ಅದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು ಜಾವಾ. ಕಡ್ಡಿ ನೋಡುವ ಅಭ್ಯಾಸವೇ ಇಲ್ಲದವನು. 1994ರ ಆರಂಭದಲ್ಲಿ ಬ್ಯಾಂಕಿನವರು ನನ್ನನ್ನು ಎರಡೂವರೆ ತಿಂಗಳು ದೂರದ ಶಾಖೆಗೆ ಹಾಕಿದರು. ಬುಲೆಟ್ ಊರಿನಲ್ಲಿಯೇ ನಿಂತಿತು. ಮಾರ್ಚಿಯಲ್ಲಿ ಊರಿಗೆ ಬಂದೆ. ನಮ್ಮ ಅಕ್ಕನ ಮಗನಿಗೆ ರಾಯಚೂರಿನಲ್ಲಿ ಪರೀಕ್ಷೆ. ಬಸ್ಸು ತಪ್ಪಿತು. ‘ನಾನು ಬಿಟ್ಟು ಬರ್ತೀನಿ ಬಾರೋ’ ಎಂದು ಗಾಡಿ ತೆಗೆದೆ.

ಕಡ್ಡಿ ನೋಡಿದೆ. ತುದಿಗೆ ಮಾತ್ರ ಸ್ವಲ್ಪ ಎಣ್ಣೆ ಅಂಟಿತ್ತು. ಗಾಡಿ ಎಣ್ಣೆ ಕುಡಿದಿದೆ ಎಂದುಕೊಂಡೆ. ನಿಂತ ಗಾಡಿ ಎಣ್ಣೆಯನ್ನು ಹೇಗೆ ಕುಡಿಯುತ್ತದೆ ಎಂದು ಆಗ ಯೋಚಿಸಲಿಲ್ಲ. ಮನೆಯಲ್ಲಿದ್ದ ಒಂದು ಲೀಟರಿನ ಡಬ್ಬಿಯನ್ನು ಪೂರ್ತಿ ಸುರಿದೆ. ಕಡ್ಡಿಯಲ್ಲಿ ಮೇಲಿನ ಗೆರೆಯ ಹತ್ತಿರ ಬಂದಿತು. ಸಮಾಧಾನವಾಯಿತು. ಕಿಕ್ ಬಹಳ ಬಿಗಿಯಾಗಿತ್ತು. ಚಾಲೂ ಆದಾಗ ನೀಲಿ ಹೊಗೆ ಓಣಿಯನ್ನೆಲ್ಲ ತುಂಬಿತು. ಇವೆರಡೂ ಸಂಪು ತುಂಬಿದೆ ಎಂದು ಎಂಜಿನ್ ಹೇಳುವ ಮಾತುಗಳು. ನನಗೆ ಆ ಭಾಷೆ ಬರುತ್ತಿರಲಿಲ್ಲ. ನಿಂತ ಗಾಡಿ, ಹೀಗೇ ಇರುತ್ತದೆ ಎಂದು ಹೊರಟೆ.

ದಾರಿಯಲ್ಲಿ ಎತ್ತುವ ಪಂಪು ತನ್ನ ಕೆಲಸ ಮಾಡಿತು. ಸಂಪಿನಲ್ಲಿದ್ದ ಹಳೆಯ ಎಣ್ಣೆಯನ್ನೆಲ್ಲ ಟ್ಯಾಂಕಿಗೆ ತಂದಿತು. ಟ್ಯಾಂಕಿನಲ್ಲಿ ಆಗಲೇ ನನ್ನ ಒಂದು ಲೀಟರು ಕುಳಿತಿತ್ತು. ಆ ಎಂಜಿನ್ನಿನ ಒಟ್ಟು ಅಳತೆಯೇ ಎರಡೂಕಾಲು ಲೀಟರು. ಹೆಚ್ಚಾದ ಎಣ್ಣೆ ಉಸಿರು ಕೊಳವೆಯಿಂದ ಹೊರಬಿದ್ದು ಹಿಂದಿನ ಚೈನಿಗೆ, ಚೈನಿನಿಂದ ಟಯರಿಗೆ ಹತ್ತಿತು. ಐಜ ದಾಟಿದ ಮೇಲೆ ಒಂದು ಕಾಲುವೆಯ ಸೇತುವೆಯ ತಿರುವಿನಲ್ಲಿ ಹಿಂದಿನ ಗಾಲಿ ಒಮ್ಮೆಲೇ ಜಾರಿತು. ಇಬ್ಬರೂ ಬಿದ್ದೆವು.

ದೇವರ ದಯೆ, ವೇಗ ಕಡಿಮೆ ಇತ್ತು. ಹಿಂದೆ ಲಾರಿ ಇರಲಿಲ್ಲ. ನನಗೆ ಮೊಣಕಾಲು ತರಚಿತು. ಹುಡುಗನಿಗೆ ಬಲಗೈ ಮುಂಗೈಯೇ ಕೆತ್ತಿಹೋಯಿತು. ಅವನು ಎದ್ದು ಕೂತು ನನ್ನನ್ನು ಬೈಯಲಿಲ್ಲ. ‘ಮಾವ, ಟಯರಿಗೆ ಎಣ್ಣಿ ಬಂದದ ನೋಡು’ ಎಂದ. ಕರವಸ್ತ್ರ ಕಟ್ಟಿಕೊಂಡು, ದಾರಿಯಲ್ಲಿ ಬಂದ ಒಂದು ಜೀಪಿನಲ್ಲಿ ಹೋಗಿ ಪರೀಕ್ಷೆ ಬರೆದ. ಪಾಸಾದ. ಆದರೆ ಆ ದಿನ ನಮ್ಮ ಅಕ್ಕನ ಮುಂದೆ ನಿಂತು ನಡೆದದ್ದನ್ನು ಹೇಳಿದ ಹೊತ್ತು ನನಗೆ ಇನ್ನೂ ನೆನಪಿದೆ.

ಗಾಡಿಯನ್ನು ರಾಯಚೂರಿನ ಒಬ್ಬ ಹಳೆಯ ಮಿಸ್ತ್ರಿಯ ಹತ್ತಿರ ತೆಗೆದುಕೊಂಡು ಹೋದೆ. ನನ್ನ ಮಾತು ಕೇಳಿ ಅವರು ನಕ್ಕರು. ‘ಎಣ್ಣಿ ಎಲ್ಲಿಗೂ ಹೋಗಿದ್ದಿಲ್ಲರೀ ಸರ, ಮನಿಯಾಗೇ ಇತ್ತು. ಪಡಸಾಲಿಯಿಂದ ಅಡಿಗಿ ಮನಿಗೆ ಹೋಗಿತ್ತು, ಅಷ್ಟ’ ಎಂದರು. ಆಮೇಲೆ ಎರಡು ಕೋಣೆಯ ಲೆಕ್ಕವನ್ನು ಮೇಲೆ ನಾನು ಹೇಳಿದಂತೆ ಬಿಡಿಸಿ ಹೇಳಿದರು.

ನನಗೆ ಬಹಳ ನಾಚಿಕೆಯಾಯಿತು. ಏಕೆಂದರೆ ಬ್ಯಾಂಕಿನಲ್ಲಿ ನಾನು ದಿನವೂ ಮಾಡುತ್ತಿದ್ದ ಕೆಲಸವೇ ಇದು. ಒಬ್ಬರು ಪಾಸ್‌ಬುಕ್ ತಂದು ‘ನನ್ನ ಖಾತೆಯಲ್ಲಿ ದುಡ್ಡೇ ಇಲ್ಲ’ ಎಂದು ಗಾಬರಿ ಆಗುತ್ತಾರೆ. ನೋಡಿದರೆ ಅವರು ಹಾಕಿದ ಚೆಕ್ಕು ಇನ್ನೂ ಕ್ಲಿಯರಿಂಗಿನಲ್ಲಿ ಇರುತ್ತದೆ. ದುಡ್ಡು ಕಳೆದಿಲ್ಲ, ದಾರಿಯಲ್ಲಿದೆ. ಅದು ಬಂದು ಸೇರಿದ ಮೇಲೆ ಬಾಕಿ ನೋಡಬೇಕು. ಬುಲೆಟ್ಟಿನದೂ ಅದೇ. ಎಣ್ಣೆ ಒಂದು ಸುತ್ತು ತಿರುಗಿ ಟ್ಯಾಂಕಿಗೆ ಬಂದು ಸೇರಿದ ಮೇಲೆಯೇ ಕಡ್ಡಿಯ ಲೆಕ್ಕ ಸರಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಮಾತು ಸುಲಭವಾಗಿ ಮುಗಿಯುತ್ತಿತ್ತು. ಆದರೆ ಇದು ಅರ್ಧ ಪಾಠ. ಈ ಅರ್ಧ ಪಾಠವನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತ ಬಂದೆ. ‘ನಿಂತ ಬುಲೆಟ್ಟಿನ ಕಡ್ಡಿ ಒಣಗಿದ್ದರೆ ಹೆದರಬೇಡಿ, ಎಣ್ಣೆ ಕೆಳಗೆ ಇರುತ್ತದೆ, ಚಾಲೂ ಮಾಡಿದರೆ ಮೇಲೆ ಬರುತ್ತದೆ’ ಎಂದು ಜಂಬದಿಂದ ಹೇಳುತ್ತಿದ್ದೆ.

ಕೇಳಿದವರಲ್ಲಿ ನಮ್ಮ ಷಡ್ಡಕರೂ ಒಬ್ಬರು. ಅವರದು ಗದ್ವಾಲದ ಹತ್ತಿರದ ಹಳ್ಳಿ. ಮನೆಮಾತು ತೆಲುಗು. ಅವರಲ್ಲಿಯೂ ನನ್ನದರಂಥದೇ ಗಾಡಿ ಇತ್ತು. 2003ರಲ್ಲಿ ಹತ್ತಿಯ ಕೆಲಸ ಮುಗಿಯುವವರೆಗೆ ಅದು ಕೊಟ್ಟಿಗೆಯಲ್ಲಿ ನಿಂತಿತ್ತು. ತೆಗೆಯುವ ದಿನ ಕಡ್ಡಿಗೆ ಎಣ್ಣೆ ಸ್ವಲ್ಪವೂ ಹತ್ತಲಿಲ್ಲ. ನನ್ನ ಮಾತು ನೆನಪಾಗಿ, ಹೆದರದೆ ಚಾಲೂ ಮಾಡಿ ಗದ್ವಾಲಕ್ಕೆ ಹೊರಟರು. ಮತ್ತೆ ಕಡ್ಡಿ ನೋಡಲಿಲ್ಲ. ದಾರಿಯಲ್ಲಿಯೇ ಎಂಜಿನ್ನಿನಿಂದ ಕಟಕಟ ಸದ್ದು ಬಂದು ಗಾಡಿ ನಿಂತುಹೋಯಿತು.

ನಡೆದದ್ದು ಏನೆಂದರೆ, ತಳದ ಡ್ರೈನ್ ಬೋಲ್ಟಿನ ವಾಷರು ಹಾಳಾಗಿ ಎಣ್ಣೆ ನಿಜವಾಗಿಯೂ ಹೊರಗೆ ಸೋರಿಹೋಗಿತ್ತು. ಕೊಟ್ಟಿಗೆಯದು ಮಣ್ಣಿನ ನೆಲ. ಸೋರಿದ್ದನ್ನೆಲ್ಲ ಮಣ್ಣು ಹೀರಿಕೊಂಡಿತ್ತು, ಮೇಲೆ ಹುಲ್ಲು ಬಿದ್ದಿತ್ತು. ಹಳೆಯ ಬುಲೆಟ್ಟಿನ ಬಿಗ್ ಎಂಡಿನಲ್ಲಿ ಇರುವುದು ಉರುಳೆಗಳ ಬೇರಿಂಗಲ್ಲ, ತೇಲುವ ಬುಷ್ಷು. ಎಣ್ಣೆಯ ತೆಳು ಪದರದ ಮೇಲೆ ಅದು ತೇಲುತ್ತಿರಬೇಕು. ಎಣ್ಣೆ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಹಾಳಾಗುತ್ತದೆ. ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಆ ವರ್ಷ ಹತ್ತಿಯಲ್ಲಿ ಉಳಿದ ಹಣದಲ್ಲಿ ಒಂದು ಪಾಲು ಅದಕ್ಕೇ ಹೋಯಿತು.

ನಾನು ನೋಡಲು ಹೋದಾಗ ಅವರು ಸಿಟ್ಟು ಮಾಡಲಿಲ್ಲ. ‘ಆಯಿಲ್ ಕಿಂದ ಉಂಟುಂದನಿ ಮೀರೇ ಚೆಪ್ಪಿನಾರು ಕದನ್ನಾ’ ಎಂದರು. ಎಣ್ಣೆ ಕೆಳಗಿರುತ್ತದೆ ಎಂದು ನೀವೇ ಹೇಳಿದ್ದಿರಲ್ಲಣ್ಣ ಎಂದು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಕ್ಲಿಯರಿಂಗಿಗೆ ಹೋದ ಚೆಕ್ಕು ಕೂಡ ಒಮ್ಮೊಮ್ಮೆ ವಾಪಸು ಬರುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ.

ಆದ್ದರಿಂದ ಇವತ್ತು ಪೂರ್ತಿ ಪಾಠವನ್ನು ಹೇಳುತ್ತೇನೆ. ದಯಮಾಡಿ ಅರ್ಧಕ್ಕೆ ಎದ್ದು ಹೋಗಬೇಡಿರಿ.

ಮೊದಲನೆಯದು, ಕಡ್ಡಿ ತೆಗೆಯುವ ಮುಂಚೆ ನೆಲ ನೋಡಿರಿ. ಬಹಳ ದಿನ ನಿಲ್ಲಿಸುವ ಗಾಡಿಯ ಎಂಜಿನ್ನಿನ ಕೆಳಗೆ ಒಂದು ರಟ್ಟು ಇಲ್ಲವೆ ಹಳೆಯ ತಗಡು ಹಾಸಿಡಿರಿ. ರಟ್ಟು ಒಣಗಿದ್ದರೆ ಎಣ್ಣೆ ಮನೆಯೊಳಗೇ ಇದೆ. ರಟ್ಟು ನೆನೆದಿದ್ದರೆ ಮನೆ ಬಿಟ್ಟು ಹೋಗಿದೆ. ನಮ್ಮ ಷಡ್ಡಕರ ಗಾಡಿಯ ಕೆಳಗೆ ಒಂದು ರಟ್ಟು ಇದ್ದಿದ್ದರೆ ಅವರ ಎಂಜಿನ್ ಉಳಿಯುತ್ತಿತ್ತು.

ಎರಡನೆಯದು, ಗಾಡಿಯನ್ನು ಸಮನೆಲದಲ್ಲಿ ನಡು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿರಿ. ಪಕ್ಕದ ಸ್ಟ್ಯಾಂಡಿನ ಮೇಲೆ ಗಾಡಿ ವಾಲಿರುತ್ತದೆ. ಎಣ್ಣೆಯೂ ವಾಲುತ್ತದೆ, ಲೆಕ್ಕವೂ ವಾಲುತ್ತದೆ. ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಒರೆಸಿರಿ. ನಮ್ಮ ಕಡೆಯ ಎರೆಮಣ್ಣಿನ ಧೂಳು ಒಳಗೆ ಬಿದ್ದರೆ ಪಂಪಿನ ಬಿಲ್ಲೆಗೆ ಅದೇ ಶತ್ರು.

ಮೂರನೆಯದು, ಕಡ್ಡಿಯ ಮೊದಲ ನೋಟ. ಇದು ಎಣ್ಣೆ ಎಷ್ಟಿದೆ ಎಂದು ತಿಳಿಯಲು ಅಲ್ಲ, ಚಾಲೂ ಮಾಡಬಹುದೋ ಇಲ್ಲವೋ ಎಂದು ತಿಳಿಯಲು. ಕಡ್ಡಿಯಲ್ಲಿ ಎಣ್ಣೆ ಸ್ಪಷ್ಟವಾಗಿ ಕಂಡರೆ, ಅದು ಕೆಳಗಿನ ಗೆರೆಗಿಂತ ಕಡಿಮೆ ಇದ್ದರೂ, ಕೆಳಗಿನ ರಟ್ಟು ಒಣಗಿದ್ದರೆ, ಚಾಲೂ ಮಾಡಬಹುದು. ಏನೂ ಸುರಿಯಬೇಡಿರಿ. ರೇಸ್ ಮಾಡದೆ ನಾಲ್ಕೈದು ನಿಮಿಷ ಓಡಿಸಿರಿ. ಅಥವಾ ಮೆಲ್ಲಗೆ ಊರ ಬಾಗಿಲವರೆಗೆ ಹೋಗಿ ಬನ್ನಿರಿ. ಆಮೇಲೆ ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಿರಿ. ಈ ಎರಡನೆಯ ನೋಟವೇ ನಿಜವಾದ ಲೆಕ್ಕ. ಎಣ್ಣೆ ಎರಡು ಗೆರೆಗಳ ನಡುವೆ ಇದ್ದರೆ ಸರಿ. ಕಡಿಮೆ ಇದ್ದರೆ 100 ಮಿಲಿಲೀಟರಿನಂತೆ ಸ್ವಲ್ಪ ಸ್ವಲ್ಪವಾಗಿ ಹಾಕಿ ನೋಡಿರಿ. ಮೇಲಿನ ಗೆರೆಯನ್ನು ದಾಟಬಾರದು.

ನಾಲ್ಕನೆಯದು, ಕಡ್ಡಿ ಪೂರ್ತಿ ಒಣಗಿದ್ದರೆ ಚಾಲೂ ಮಾಡಬೇಡಿರಿ. ಇಲ್ಲಿ ಬ್ಯಾಂಕಿನ ಟ್ಯಾಲಿ ಮಾಡಬೇಕು. ಎಂಜಿನ್ನಿನ ತಳದಲ್ಲಿ ಟ್ಯಾಂಕಿಗೆ ಬೇರೆ, ಸಂಪಿಗೆ ಬೇರೆ ಡ್ರೈನ್ ಬೋಲ್ಟುಗಳಿವೆ. ಯಾವುದು ಯಾವುದೆಂದು ಒಮ್ಮೆ ತಿಳಿದವರಿಂದ ತೋರಿಸಿಕೊಳ್ಳಿರಿ. ಶುದ್ಧವಾದ ತಟ್ಟೆ ಇಟ್ಟು ಎರಡನ್ನೂ ಬಿಚ್ಚಿ, ಬಂದದ್ದನ್ನು ಅಳೆಯಿರಿ. ಎರಡು ಲೀಟರಿನ ಹತ್ತಿರ ಬಂದರೆ ಎಣ್ಣೆ ಎಲ್ಲಿಗೂ ಹೋಗಿಲ್ಲ. ಅರ್ಧ ಲೀಟರು ಬಂದರೆ ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಹಳೆಯದನ್ನು ಬಿಟ್ಟು ಹೊಸ ಎಣ್ಣೆಯನ್ನೇ ಅಳತೆ ಮಾಡಿ ಟ್ಯಾಂಕಿಗೆ ಹಾಕುವುದು ಒಳ್ಳೆಯದು. ನಮ್ಮ ಬಿಸಿಲಿಗೆ 20ಡಬ್ಲ್ಯು-50 ಎಂಬ ಗಟ್ಟಿ ಎಣ್ಣೆ ಹೊಂದುತ್ತದೆ. ಇಳಿಸಿದ ಎಣ್ಣೆಯಲ್ಲಿ ಲೋಹದ ಚೂರು ಮಿನುಗಿದರೆ, ಅಥವಾ ಮುಚ್ಚಳದಲ್ಲಿ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಮಿಸ್ತ್ರಿಗೆ ತೋರಿಸಿರಿ. ಬಿಳಿ ನೊರೆ ಎಂದರೆ ಒಳಗೆ ನೀರಿನ ಅಂಶ ಸೇರಿದೆ ಎಂದರ್ಥ.

ಐದನೆಯದು, ಪಂಪು ಕೆಲಸ ಮಾಡುತ್ತಿದೆಯೋ ಇಲ್ಲವೋ. ರಾಕರುಗಳಿಗೆ ಹೋಗುವ ಸಣ್ಣ ಪೈಪಿನ ಬೋಲ್ಟನ್ನು ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಮಿಸ್ತ್ರಿ ಒಂದಿಷ್ಟು ಸಡಿಲಿಸುತ್ತಾನೆ. ಅಲ್ಲಿ ಎಣ್ಣೆ ಒಸರಿದರೆ ಎತ್ತುವ ಪಂಪು ಸರಿಯಿದೆ. ಒಸರದಿದ್ದರೆ ಕೂಡಲೇ ನಿಲ್ಲಿಸಬೇಕು. ಎಂಜಿನ್ ಬಿಸಿ ಇರುತ್ತದೆ, ಅಭ್ಯಾಸ ಇಲ್ಲದವರು ಕೈ ಹಾಕಬೇಡಿರಿ.

ಆರನೆಯದು, ಬುಲೆಟ್ಟಿನಲ್ಲಿ ಬೇರೆ ಎಣ್ಣೆಗಳೂ ಇವೆ. ಎಡಗಡೆ ಕ್ಲಚ್ಚು ಮತ್ತು ಒಳಚೈನು ಇರುವ ಮುಚ್ಚಳಕ್ಕೆ ಅದರದೇ ಎಣ್ಣೆ. ಗೇರ್ ಬಾಕ್ಸಿಗೆ ಅದರದೇ. ಎಂಜಿನ್ನಿನ ಕಡ್ಡಿ ಇವುಗಳ ಸುದ್ದಿ ಹೇಳುವುದಿಲ್ಲ. ಆದರೆ ಸಂಪು ತುಂಬಿ ನಿಂತ ಗಾಡಿಯಲ್ಲಿ ಎಂಜಿನ್ನಿನ ಎಣ್ಣೆ ಸೀಲು ದಾಟಿ ಎಡಗಡೆಯ ಮುಚ್ಚಳಕ್ಕೂ ಹೋಗಬಹುದು. ಆಗ ಕ್ಲಚ್ಚು ಜಾರುತ್ತದೆ. ಟ್ಯಾಲಿ ಕೂಡದಿದ್ದರೆ ಅಲ್ಲಿಯೂ ಒಮ್ಮೆ ನೋಡಿರಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಾನು ಹೇಳುತ್ತಿರುವುದು ಹಳೆಯ ಬೀಡಿನ ಎಂಜಿನ್ನಿನ ಬುಲೆಟ್ಟಿಗೆ ಮಾತ್ರ. ಇಂಗ್ಲೆಂಡಿನ ರೆಡಿಚ್ ಊರಿನ ಕಂಪನಿಯೂ ಮದ್ರಾಸ್ ಮೋಟರ್ಸ್‌ನವರೂ ಕೂಡಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾವನ್ನು ಶುರುಮಾಡಿದರು. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಆ ಎಂಜಿನ್ ತಯಾರಾಗತೊಡಗಿತು. ರೆಡಿಚ್ಚಿನ ಕಾರ್ಖಾನೆ 1967ರಲ್ಲಿ ಮುಚ್ಚಿತು. ನಮ್ಮಲ್ಲಿ ಮಾತ್ರ ಆ ಎಂಜಿನ್ 2010ರ ಸುಮಾರಿನವರೆಗೆ ಬದುಕಿತು. ಹೊಗೆಯ ಕಾನೂನು ಬಿಗಿಯಾದ ಮೇಲೆ ಅದರ ಜಾಗಕ್ಕೆ ಬಂದ ಹೊಸ ಎಂಜಿನ್ ವೆಟ್ ಸಂಪ್. ಅದರ ಬಲಗಡೆ ಎಣ್ಣೆ ನೋಡಲು ಸಣ್ಣ ಗಾಜಿನ ಕಿಟಕಿ ಇದೆ. ಅಂಥ ಗಾಡಿ ಇದ್ದವರು ಅದರ ಜೊತೆ ಕೊಟ್ಟ ಪುಸ್ತಕದಂತೆ ನಡೆಯಿರಿ, ನನ್ನ ಮಾತಿನಂತೆ ಅಲ್ಲ.

ಇನ್ನು ಕೆಲವರ ಮನೆಯಲ್ಲಿ ಬಿಎಸ್‌ಎ, ನಾರ್ಟನ್, ಟ್ರಯಂಫ್ ಎಂಬ ವಿಲಾಯತಿ ಗಾಡಿಗಳು ಉಳಿದಿರಬಹುದು. ಅವೂ ಡ್ರೈ ಸಂಪ್ ಗಾಡಿಗಳೇ. ಅವುಗಳ ಟ್ಯಾಂಕು ಹೊರಗೇ ಇರುವುದರಿಂದ ನೋಡುವುದು ಸುಲಭ. ಎಂಜಿನ್ ಓಡುವಾಗ ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಗುಳ್ಳೆಗಳ ಸಮೇತ ವಾಪಸು ಬೀಳುವುದು ಕಣ್ಣಿಗೇ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಚಾಸಿಯ ಕೊಳವೆಯೇ ಎಣ್ಣೆಯ ಟ್ಯಾಂಕು. ಎಲ್ಲಿಯೇ ಇದ್ದರೂ ನಿಯಮ ಒಂದೇ. ಎಣ್ಣೆ ತಿರುಗಿದ ಮೇಲೆ ಅಳೆಯಬೇಕು.

ಕೊನೆಯದಾಗಿ, ಗುಮಾಸ್ತನ ಒಂದು ಬುದ್ಧಿವಾದ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಇಡಿರಿ. ತಾರೀಖು, ಓಡಿದ ಕಿಲೋಮೀಟರು, ಹಾಕಿದ ಎಣ್ಣೆ ಎಷ್ಟು ಮಿಲಿಲೀಟರು, ಈ ಮೂರನ್ನು ಬರೆಯಿರಿ. 1994ರ ಆ ದಿನದಿಂದ ನಾನು ಬರೆಯುತ್ತಿದ್ದೇನೆ. ನಾಲ್ಕು ಪುಸ್ತಕ ತುಂಬಿವೆ. ಕಡ್ಡಿ ಒಣಗಿ ಕಂಡಾಗ ಪುಸ್ತಕ ತೆಗೆಯುತ್ತೇನೆ. ಹೋದ ಸಲ ಎಷ್ಟಿತ್ತು, ಎಷ್ಟು ಓಡಿದೆ, ಎಷ್ಟು ಕಡಿಮೆಯಾಗಬಹುದು ಎಂದು ನೋಡಿದರೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಇಳಿಸಿದ ಹಳೆಯ ಎಣ್ಣೆಯನ್ನು ಕಾಲುವೆಗೋ ಬಾವಿಯ ಹತ್ತಿರವೋ ಚೆಲ್ಲಬೇಡಿರಿ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿರಿ. ಆ ನೀರನ್ನು ನಮ್ಮ ದನಗಳೇ ಕುಡಿಯುವುದು.

ನಮ್ಮ ಅಕ್ಕನ ಮಗನಿಗೆ ಈಗ ಬೆಳೆದ ಮಕ್ಕಳಿದ್ದಾರೆ. ಹೋದ ದಸರೆಗೆ ಅವನ ದೊಡ್ಡ ಮಗ ಊರಿಗೆ ಬಂದು ನನ್ನ ಬುಲೆಟ್ ತೆಗೆಯುತ್ತೇನೆ ಎಂದ. ಕಡ್ಡಿ ಎಳೆದು ನೋಡಿ ‘ಅಜ್ಜಾ, ಆಯಿಲ್ ಕಡಿಮೆ ಅದ, ಅಂಗಡಿಗಿ ಹೋಗಿ ತರ್ಲಾ?’ ಎಂದು ಕೇಳಿದ. ಅವನಪ್ಪ ಪಡಸಾಲೆಯಲ್ಲಿ ಕೂತಿದ್ದವನು ನಾನು ಬಾಯಿ ತೆಗೆಯುವ ಮುಂಚೆಯೇ, ‘ಮೊದಲ ರಟ್ಟು ನೋಡು, ಆಮ್ಯಾಲ ಐದು ನಿಮಿಷ ಚಾಲೂ ಇಡು, ಆಮ್ಯಾಲ ಕಡ್ಡಿ ನೋಡು’ ಎಂದ. ಹಾಗೆ ಹೇಳುವಾಗ ಅವನ ಮುಂಗೈಯ ಮೇಲಿನ ಆ ಹಳೆಯ ಕಲೆ ಕಾಣಿಸಿತು. ಹುಡುಗ ಹೇಳಿದಂತೆ ಮಾಡಿದ. ರಟ್ಟು ಒಣಗಿತ್ತು. ಐದು ನಿಮಿಷದ ಮೇಲೆ ಎಣ್ಣೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಅಂಗಡಿಗೆ ಹೋಗುವ ಕೆಲಸ ಬೀಳಲಿಲ್ಲ.

ನಿಮ್ಮ ಮನೆಯ ಗಾಡಿಯನ್ನು ತೆಗೆಯುವ ದಿನ ಈ ಮಾತು ನೆನಪಿರಲಿ.